ಒಲೆಯ ಪಕ್ಕದ ಎರಡು ಗೆರೆ

ಟ್ರಂಕಿನ ಬೀಗ ತೆರೆದಿತ್ತು. ಒಳಗೆ ಹಳೆಯ ಸೀರೆ ಇತ್ತು, ಕುಂಕುಮದ ಭರಣಿ ಇತ್ತು. ಕಾಸಿನ ಸರ ಇರಲಿಲ್ಲ.

ಕುಪ್ಪುಸ್ವಾಮಿ ಸೀರೆಯನ್ನು ಕೊಡವಿದರು. ಇನ್ನೊಮ್ಮೆ ಕೊಡವಿದರು. ಆಮೇಲೆ ಹೊಸ್ತಿಲ ಮೇಲೆ ಕುಸಿದು ಕೂತರು. ಅರ್ಧ ಆಯಸ್ಸು ಚಿನ್ನದ ಗಣಿಯೊಳಗೆ ಕಳೆದ ಮನುಷ್ಯ. ಮನೆಯಲ್ಲಿದ್ದ ಚಿನ್ನ ಎಂದರೆ ಆ ಸರ ಒಂದೇ, ತೀರಿಹೋದ ಹೆಂಡತಿಯ ಕೊರಳಿನದು. ಮೊಮ್ಮಗಳು ಕಲಾಳ ಮದುವೆಗೆಂದು ಜೋಪಾನ ಮಾಡಿದ್ದರು.

ಊರಿಗಾಂನಲ್ಲಿ ಗಣಿಯ ತ್ಯಾಜ್ಯ ಸುರಿದ ಸೈನೈಡ್ ದಿಬ್ಬದ ಬುಡದಲ್ಲಿರುವ ಈ 'ಗಣಿಯೂರು' ನಿಜವಾದ ಊರಲ್ಲ. ಹಳೆಯ ಕಾರ್ಮಿಕರ ಲೈನ್ ಮನೆಗಳ ಸಾಲನ್ನು ಬಿದಿರು ತಟ್ಟಿಯ ಗೋಡೆ, ತಗಡಿನ ಸೂರಿನ ಸಮೇತ ಹೊಸದಾಗಿ ಎಬ್ಬಿಸಿದ್ದಾರೆ. ಪಕ್ಕದಲ್ಲೊಂದು ನಕಲಿ ಸುರಂಗ. ಟಿಕೆಟ್ ಕೊಂಡು ಒಳಗೆ ಬಂದರೆ ಅಜ್ಜನ ಕಾಲದ ಬದುಕು ನೋಡಬಹುದು. ಮುನಿಶಾಮಮ್ಮ ಒಲೆ ಮುಂದೆ ಕೂತು ಮುದ್ದೆ ತಿರುವುತ್ತಾರೆ. ಕುಪ್ಪುಸ್ವಾಮಿ ಹಳೆಯ ಟೋಪಿ ಹಾಕಿಕೊಂಡು ಗಣಿಯ ಕತೆ ಹೇಳುತ್ತಾರೆ. ಮುನೀಂದ್ರ ಎಂಬ ಯುವಕ ಕಾರ್ಬೈಡ್ ದೀಪ ಹಿಡಿದು ಜನರನ್ನು ಸುರಂಗದೊಳಗೆ ಕರೆದೊಯ್ಯುತ್ತಾನೆ.

ಮ್ಯಾನೇಜರ್ ಅಂಬರೀಶನಿಗೆ ಎಲ್ಲವೂ ಅಸಲಿಯೇ ಆಗಬೇಕು. ಹಿಂದಿನ ದಿನ ಟೀವಿಯವರು ಬರುತ್ತಾರೆಂದು ಕುಪ್ಪುಸ್ವಾಮಿಯನ್ನು ಕಾಡಿ ಬೇಡಿ ಸರ ತರಿಸಿದ್ದ. ಶೂಟಿಂಗ್ ಮುಗಿದಾಗ ಸಂಜೆಯಾಗಿತ್ತು. ಟೀವಿಯವರು ಹೊರಟರು. ಕತ್ತಲಲ್ಲಿ ಒಯ್ಯಬೇಡಿ, ಲೈನ್ ಮನೆಯ ಟ್ರಂಕಿನಲ್ಲೇ ಇರಲಿ ಎಂದ ಅಂಬರೀಶ. ಟ್ರಂಕಿನ ಕೀಲಿಕೈ? ಅದು ಅಜ್ಜನ ಕಾಲದ ಹಾಗೆಯೇ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಇಂಥ ಬುದ್ಧಿವಂತರ ದೆಸೆಯಿಂದಲೇ ಪೊಲೀಸರಿಗೆ ಕೈತುಂಬ ಕೆಲಸ.

*

ರಾಬರ್ಟ್‌ಸನ್‌ಪೇಟೆಯಿಂದ ಸಬ್ ಇನ್ಸ್‌ಪೆಕ್ಟರ್ ಶಶಿರೇಖ ಬಂದಳು. ಜತೆಗೆ ಹೆಡ್ ಕಾನ್ಸ್‌ಟೇಬಲ್ ವಿಜಯಕುಮಾರ್. ಶಶಿರೇಖ ಬಂಗಾರಪೇಟೆ ಕಡೆಯ ಹಳ್ಳಿಯವಳು. ಬೆಳಿಗ್ಗೆ ಡೈರಿಗೆ ಹಾಲು ಹಾಕಿಯೇ ಡ್ಯೂಟಿಗೆ ಬರುವವಳು.

"ಸಂಜೆ ಕೊನೆಗೆ ಯಾರ್ಯಾರಿದ್ರು?"

"ನಾನು, ಕುಪ್ಪುಸ್ವಾಮಿ, ಮುನಿಶಾಮಮ್ಮ, ಮುನೀಂದ್ರ, ಟಿಕೆಟ್ ಕೊಡೋ ತ್ರಿವೇಣಿ. ಅಷ್ಟೇ ಮೇಡಂ," ಎಂದ ಅಂಬರೀಶ. "ಆದ್ರೆ ಯಾರೂ ಹೊರಗೆ ಒಯ್ದಿರೋಕೆ ಸಾಧ್ಯ ಇಲ್ಲ. ಗೇಟಿನಲ್ಲಿ ಎಲ್ಲರನ್ನೂ ತಡಕ್ತಾರೆ. ನನ್ನನ್ನೂ. ಗಣಿಯಲ್ಲಿ ಹಿಂಗೇ ಇತ್ತಲ್ಲ, ಆ ಪದ್ಧತಿ ಉಳಿಸ್ಕೊಂಡಿದೀವಿ."

"ಅಂದ್ರೆ ಸರ ಇಲ್ಲೇ ಇದೆ."

ಅಂಬರೀಶನ ಮುಖ ಅರಳಿತು. ಅದು ಅವನಿಗೆ ಹೊಳೆದಿರಲೇ ಇಲ್ಲ.

ಶಶಿರೇಖ ಒಬ್ಬೊಬ್ಬರನ್ನೇ ಕರೆದಳು. ಮುನೀಂದ್ರ ಕೈಯಲ್ಲಿ ಮಾಸಲು ಡಬ್ಬಿ ಹಿಡಿದೇ ಬಂದ.

"ಏನದು?"

"ದೀಪದ ಬೂದಿ ಮೇಡಂ. ಉರಿದ ಕಾರ್ಬೈಡು ಬಿಳೀ ಪುಡಿ ಆಯ್ತದೆ. ಒಣಗಿಸಿ ದಿಬ್ಬದ ಕಡೆ ಚೆಲ್ತೀನಿ."

"ಮನೇಲಿ ಯಾರ್ಯಾರಿದೀರಿ?"

"ಇಬ್ರು ತಂಗೀರು. ಅಮ್ಮ ನಾನು ಇಸ್ಕೂಲಿಗೆ ಓಗೋವಾಗ್ಲೇ ತೀರ್ಕೊಂಡ್ರು. ದೊಡ್ಡ ತಂಗೀಗೆ ಈಗ ಗಂಡು ಗೊತ್ತಾಗದೆ." ಮಾತು ಸಲೀಸಾಗಿತ್ತು. "ಪಾಪ, ಮುನಿಶಾಮಮ್ಮನ್ನ ಬಯ್ಯಬ್ಯಾಡಿ ಮೇಡಂ. ದಿನಾ ನಂಗೆ ಮುದ್ದೆ ಇಕ್ಕೋರು."

ಮುನಿಶಾಮಮ್ಮನ ಸರದಿ ಬಂತು. ಕಣ್ಣು ಊದಿಕೊಂಡಿತ್ತು.

"ಅಮ್ಮಾ, ನಿನ್ನೆ ಸಂಜೆ ಏನ್ ಮಾಡಿದ್ರಿ?"

"ನೆಲ ಸಾರಿಸ್ದೆ. ರಾತ್ರಿಯೆಲ್ಲ ಒಣಗ್ಲಿ ಅಂತ ದಿನಾ ಸಂಜೇಲೇ ಸಾರಿಸೋದು. ಸಾರಿಸಿ ಮನೇಗೆ ಓದೆ."

"ಅಳ್ತಿದೀರಲ್ಲ, ಯಾಕೆ?"

"ಏನೂ ಇಲ್ಲ."

"ಮನೇಲಿ ಏನಾದ್ರೂ ಆಯ್ತಾ?"

"ಏನೂ ಇಲ್ಲಮ್ಮ, ಬುಟ್ಬುಡು." ಅಷ್ಟು ಹೇಳಿ ಸೆರಗು ಬಾಯಿಗೆ ಒತ್ತಿಕೊಂಡರು.

ವಿಜಯಕುಮಾರ್ ಪಕ್ಕಕ್ಕೆ ಕರೆದು ಪಿಸುಗುಟ್ಟಿದ: "ಈಯಮ್ಮಂದೇ ಕೆಲಸ ಮೇಡಂ. ಸ್ಟೇಷನ್ನಿಗೆ ಕರ್ಕೊಂಡ್ಹೋದ್ರೆ ತಾನಾಗೇ ಬಾಯ್ಬಿಡ್ತಾರೆ."

ಶಶಿರೇಖ ಬೇಡ ಎಂದು ಕೈ ಮಾಡಿದಳು. ಹಳ್ಳಿಯ ಹೆಂಗಸೊಬ್ಬಳು ಒಮ್ಮೆ ಪೊಲೀಸ್ ಜೀಪು ಹತ್ತಿದರೆ ಆಮೇಲೆ ಯಾರು ನಿರಪರಾಧಿ ಎಂದರೂ ಊರು ಒಪ್ಪುವುದಿಲ್ಲ. ಅದು ಅವಳಿಗೆ ಚೆನ್ನಾಗಿ ಗೊತ್ತು.

*

ಅವಳು ಲೈನ್ ಮನೆಯೊಳಗೆ ಕಾಲಿಟ್ಟಳು. ಸಗಣಿ ಸಾರಿಸಿದ ನೆಲ ಒಣಗಿ ತಿಳಿಬಣ್ಣಕ್ಕೆ ತಿರುಗಿತ್ತು. ಒಲೆಯ ಪಕ್ಕ ಮಾತ್ರ ಮೊರದಗಲ ಜಾಗ ಇನ್ನೂ ಕಪ್ಪಗಿತ್ತು, ಹಸಿ ಹಸಿ. ಅದರ ಅಂಚಿನಲ್ಲಿ ಎರಡು ಬಿಳಿ ಗೆರೆ. ಬೆರಳಲ್ಲಿ ಪುಡಿ ಬಿಟ್ಟು ಎಳೆದದ್ದು, ನೇರ, ಒಂದಕ್ಕೊಂದು ಸಮ.

"ಇಲ್ಲಿ ಅಗೀರಿ."

ವಿಜಯಕುಮಾರ್ ಗುದ್ದಲಿ ಹಾಕಿದ. ಒಂದು ಗೇಣು ಹೋಗುವಷ್ಟರಲ್ಲಿ ಬಟ್ಟೆಯ ಗಂಟು ಸಿಕ್ಕಿತು. ಬಿಚ್ಚಿದರೆ ಕಾಸಿನ ಸರ.

ಕುಪ್ಪುಸ್ವಾಮಿ ಸರವನ್ನು ಎದೆಗೆ ಒತ್ತಿಕೊಂಡರು. ಮರುಕ್ಷಣ ಅವರ ಕಣ್ಣು ಮುನಿಶಾಮಮ್ಮನ ಕಡೆ ತಿರುಗಿತು. ಎಲ್ಲರ ಕಣ್ಣೂ ತಿರುಗಿತು. ಇವರ ಒಲೆ, ಇವರು ಸಾರಿಸಿದ ನೆಲ, ಅದರ ಕೆಳಗೆ ಸರ.

"ಎನ್ನಮ್ಮಾ ಇದು?" ಎಂದರು ಕುಪ್ಪುಸ್ವಾಮಿ. ತಮಿಳು ಬಾಯಿಗೆ ಬಂದಿತ್ತು. "ನನ್ ತಂಗಿ ಅಂದ್ಕೊಂಡಿದ್ನಲ್ಲಮ್ಮಾ."

ಆ ಮಾತು ಮುನಿಶಾಮಮ್ಮನಿಗೆ ಏಟು ಬಿದ್ದಂತೆ ತಾಗಿತು. "ನಾನಲ್ಲ ಅಣ್ಣಯ್ಯಾ! ನೆಲ ಸಾರಿಸಿದ್ದು ನಾನೇ. ಈ ಗೆರೆ ಎಳ್ದೋಳು ನಾನಲ್ಲ!"

"ದಿನಾ ಎಳೀತೀರಲ್ಲಮ್ಮ," ಎಂದ ಅಂಬರೀಶ.

ಮುನಿಶಾಮಮ್ಮನ ಕಣ್ಣು ಗೋಡೆಯ ಗೂಡಿನ ಕಡೆ ಹೋಯಿತು.

ಶಶಿರೇಖಳೂ ಅಲ್ಲಿಗೇ ನೋಡಿದಳು. ರಂಗೋಲಿ ಡಬ್ಬಿ ಇಟ್ಟ ದುಂಡನೆಯ ಗುರುತಿತ್ತು. ಡಬ್ಬಿ ಇರಲಿಲ್ಲ.

"ಡಬ್ಬಿ ಎಲ್ಲಿ?"

"ತ್ರಿವೇಣಿಗೆ ಕೊಟ್ಟಿದೀನಿ. ಗೇಟಿನ ತಾವ ಅವಳೇ ಇಕ್ಕಲಿ ಅಂತ. ನಂಗೆ ಕೈನೋವು."

ಕೈನೋವಿನ ಹೆಂಗಸು ಇಡೀ ಮನೆ ಸಾರಿಸಿದ್ದಾರೆ, ರಂಗೋಲಿಯನ್ನು ಮಾತ್ರ ದೂರ ಮಾಡಿದ್ದಾರೆ. ಶಶಿರೇಖ ಅವರ ತೋಳು ಹಿಡಿದು ಹಿತ್ತಿಲಿಗೆ ಕರೆದುಕೊಂಡು ಹೋದಳು.

*

"ಮನೇಲಿ ಸೂತಕಾನಾ ಅಮ್ಮಾ?"

ಮುನಿಶಾಮಮ್ಮ ಗೋಡೆಗೆ ಒರಗಿಕೊಂಡರು. ಕಟ್ಟೆ ಒಡೆಯಿತು. "ನಮ್ ಭಾವ ಓಗ್ಬುಟ್ರು. ಅಪ್ಪನಂಗೆ ನೋಡ್ಕೊಂಡೋರು. ಹನ್ನೊಂದನೇ ದಿನ ಇನ್ನೂ ಆಗಿಲ್ಲ. ಹೇಳಿದ್ರೆ ನನ್ ಕೈ ಮುದ್ದೆ ಯಾರು ತಿಂತಾರೆ? ಮ್ಯಾನೇಜರಪ್ಪ ಬ್ಯಾರೆಯೋರ್ನ ಕೂರಿಸ್ಬುಡ್ತಾರೆ. ಅದ್ಕೇ ಬಾಯ್ ಮುಚ್ಕೊಂಡು ಬತ್ತಿದೀನಿ. ಆದ್ರೆ ರಂಗೋಲಿ ಮುಟ್ಟಿಲ್ಲ ಕಣಮ್ಮ. ಅದೊಂದು ತಪ್ಪು ಮಾಡಿಲ್ಲ."

"ಈ ಮಾತು ಎಲ್ಲರ ಮುಂದೆ ಹೇಳ್ಬೇಕಾಗತ್ತೆ. ಹೇಳ್ಲಾ?"

ಮುನಿಶಾಮಮ್ಮ ಕಣ್ಣೊರೆಸಿಕೊಂಡರು. "ಕಳ್ಳಿ ಅನ್ನಿಸ್ಕೊಳ್ಳೋಕಿಂತ ಅದೇ ವಾಸಿ. ಹೇಳು."

ಒಳಗೆ ಬಂದ ಶಶಿರೇಖ ಗೆರೆಯ ಪಕ್ಕ ಮಂಡಿಯೂರಿದಳು. ಪುಡಿಯನ್ನು ಬೆರಳಿಗೆ ತೆಗೆದು ಮೂಸಿದಳು. ರಂಗೋಲಿ ಪುಡಿಗೆ ವಾಸನೆಯೇ ಇರುವುದಿಲ್ಲ. ಇದಕ್ಕೆ ಬೆಳ್ಳುಳ್ಳಿ ಜಜ್ಜಿದಂಥ ಘಾಟಿತ್ತು. ಮಾವಿನಕಾಯಿಯನ್ನು ಕಳ್ಳತನದಲ್ಲಿ ಹಣ್ಣು ಮಾಡುವ ಮಂಡಿಗಳಲ್ಲಿ ಇದೇ ಘಾಟು. ಕೋಲಾರದ ಸೀಮೆಯ ಮೂಗಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ.

ಅವಳು ಎದ್ದು ನಿಂತಳು.

"ಗುಂಡಿ ಹಿಂಗೇ ಬಿಡೋದು ಬೇಡ. ಮುಚ್ಚಿ ಸಾರಿಸ್ಬೇಕು. ಬಕೆಟ್ಟಲ್ಲಿ ಸಗಣಿ ಇದೆ. ಮುನೀಂದ್ರ, ನೀನೇ ಮಾಡು."

ಅಂಬರೀಶ ನಕ್ಕ. "ಗಂಡಸರ ಕೈಲಿ ಸಾರಿಸೋದಾ ಮೇಡಂ?"

ಮುನೀಂದ್ರನೂ ನಕ್ಕ. ಡಬ್ಬಿ ಪಕ್ಕಕ್ಕಿಟ್ಟು ಮಣ್ಣು ಮುಚ್ಚಿ ತಟ್ಟಿದ. ಸಗಣಿಗೆ ನೀರು ಬೆರೆಸಿದ. ಅಂಗೈ ಅರ್ಧ ಚಂದ್ರದ ಹಾಗೆ ತಿರುಗುತ್ತ ಹೋಯಿತು. ಒಂದು ಗಂಟಿಲ್ಲ, ಒಂದು ಬೆರಳಚ್ಚಿಲ್ಲ. ಕುಕ್ಕರುಗಾಲಲ್ಲೇ ಹಿಂದೆ ಹಿಂದೆ ಸರಿದ. ಅಂಬರೀಶನ ನಗು ನಿಂತುಹೋಗಿತ್ತು.

ಕೊನೆಯ ಸುತ್ತು ಮುಗಿಯಿತು. ಮುನೀಂದ್ರನ ಬಲಗೈ ಬಕೆಟ್ಟಿನ ನೀರಲ್ಲಿ ಅದ್ದಿತು, ಪಂಚೆಗೆ ಒರೆಸಿಕೊಂಡಿತು, ಪಕ್ಕದಲ್ಲಿದ್ದ ಡಬ್ಬಿಯ ಮುಚ್ಚಳದ ಮೇಲೆ ಹೋಗಿ ಕೂತಿತು.

ಅಲ್ಲೇ ನಿಂತಿತು. ಅವನಿಗೂ ಆಗಲೇ ಗೊತ್ತಾಯಿತು.

"ಎಳಿ," ಎಂದಳು ಶಶಿರೇಖ. "ನಿನ್ನೆ ಎಳ್ದ ಹಾಗೇ."

*

ಶಶಿರೇಖ ಉಳಿದವರ ಕಡೆ ತಿರುಗಿದಳು.

"ಸಾರಿಸಿದ ನೆಲ ಬೋಳಾಗಿ ಬಿಡೋದು ಹೆಣ ಎತ್ತಿದ ಮನೇಲಿ ಮಾತ್ರ. ಬೇರೆ ದಿನ ಎರಡು ಗೆರೆನಾದ್ರೂ ಎಳೀಬೇಕು. ಮುನಿಶಾಮಮ್ಮನ ಮನೇಲಿ ಸಾವಾಗಿದೆ. ಅವರು ರಂಗೋಲಿ ಮುಟ್ಟೋ ಹಾಗಿಲ್ಲ. ಹಂಗಾಗಿ ಈ ಗೆರೆ ಅವರದ್ದಲ್ಲ. ಅಂಬರೀಶ್ ಅವರು ಗೆರೆ ನೋಡಿದಾರೆ ಅಷ್ಟೇ, ಎಳೆಯೋಕೆ ಹೋದ್ರೆ ಇಷ್ಟು ನೇರ ಬರಲ್ಲ. ತ್ರಿವೇಣಿ ಹತ್ರ ರಂಗೋಲಿ ಡಬ್ಬಿನೇ ಇದೆ, ಬೂದಿ ಯಾಕೆ ಬೇಕು? ಗೆರೆ ಎಳ್ದಿರೋದು ಕಾರ್ಬೈಡ್ ಬೂದೀಲಿ. ಮೂಸಿ ನೋಡಿ."

"ಗಂಡಸು ರಂಗೋಲಿ ಇಡ್ತಾನಾ ಮೇಡಂ?" ವಿಜಯಕುಮಾರ್ ಇನ್ನೂ ನಂಬಿರಲಿಲ್ಲ.

"ತಾಯಿಲ್ಲದ ಮನೆ, ಇಬ್ಬರು ಪುಟ್ಟ ತಂಗೀರು. ಇನ್ಯಾರು ಇಡ್ತಾರೆ? ಗೇಟಿನಲ್ಲಿ ತಡಕ್ತಾರೆ ಅಂತ, ಮುನಿಶಾಮಮ್ಮ ಹೋದ್ಮೇಲೆ ಸರಾನ ಇಲ್ಲೇ ಹೂತು, ಉಳಿದ ಸಗಣೀಲಿ ಸಾರಿಸ್ದ. ಅಲ್ಲಿಗೆ ಬಿಟ್ಟು ಹೋಗಿದ್ರೆ ನನಗೆ ಏನೂ ಗೊತ್ತಾಗ್ತಿರಲಿಲ್ಲ. ಬೋಳು ನೆಲ ಬಿಡೋಕೆ ಕೈ ಒಪ್ಪಲಿಲ್ಲ. ಗೂಡಲ್ಲಿ ರಂಗೋಲಿ ಇರಲಿಲ್ಲ, ಕೈಯಲ್ಲಿ ಬೂದಿ ಇತ್ತು."

ಮುನೀಂದ್ರ ತಲೆ ಎತ್ತಲಿಲ್ಲ. "ಗಂಡಿನ ಕಡೆಯೋರು ಸರ ಆಕ್ಬೇಕು ಅಂದ್ರು. ಆ ಮೊಳೇಲಿ ಕೀಲಿ ನೇತಾಡ್ತಿತ್ತು." ಬೆರಳಲ್ಲಿ ಡಬ್ಬಿಯ ಮುಚ್ಚಳ ಉಜ್ಜಿದ. "ಮುನಿಶಾಮಮ್ಮನ ಮೇಲೆ ಬರ್ತದೆ ಅಂತ ಅಂದ್ಕೊಂಡಿರ್ಲಿಲ್ಲ."

"ಬಂದ ಮೇಲೆ ಸುಮ್ನೆ ನಿಂತಿದ್ಯಲ್ಲ."

ಶಶಿರೇಖಳಿಗೆ ಸಿಟ್ಟು ಬಂದಿತ್ತು, ಕನಿಕರವೂ ಬಂದಿತ್ತು. ಎರಡರಲ್ಲಿ ಯಾವುದನ್ನೂ ತೋರಿಸದೆ ವಿಜಯಕುಮಾರನಿಗೆ ಸನ್ನೆ ಮಾಡಿದಳು.

ಕುಪ್ಪುಸ್ವಾಮಿ ಮುನಿಶಾಮಮ್ಮನ ಮುಂದೆ ಬಂದು ಕೈ ಮುಗಿದರು. "ಮನ್ನಿಸಮ್ಮಾ. ಸೂತಕ ಗೀತಕ ನಂಗೊತ್ತಿಲ್ಲ. ಭೂಮಿ ಕೆಳಗೆ ಎಲ್ಲಾರ ಬುತ್ತೀನೂ ತಿಂದೋನು ನಾನು. ಮಧ್ಯಾಹ್ನ ಮುದ್ದೆ ಇಕ್ಕು."

ಮುನಿಶಾಮಮ್ಮ ತಲೆಯಾಡಿಸಿದರು. ಅವರ ನೋಟ ಮಾತ್ರ ಮುನೀಂದ್ರನ ಮೇಲಿತ್ತು. ಅವನು ಏಳಲಾರದೆ ಆ ಹಸಿ ನೆಲವನ್ನೇ ನೋಡುತ್ತಿದ್ದ. ಬೆರಳುಗಳು ಇನ್ನೂ ಡಬ್ಬಿಯ ಮೇಲಿದ್ದವು.

"ಎದ್ದೇಳ್ಲಾ ಮಗಾ," ಎಂದರು ಮುನಿಶಾಮಮ್ಮ. ಡಬ್ಬಿಯನ್ನು ಅವನ ಕೈಯಿಂದ ಬಿಡಿಸಿಕೊಂಡರು. "ಗೆರೆ ಬ್ಯಾಡ. ಇವತ್ತು ಇಂಗೇ ಇರ್ಲಿ."