ಮಂಡಿಮಟ್ಟದ ನೀರಿಗೆ ಎರಡು ಉತ್ತರ

"ಇನ್ನೊಂದು ಉತ್ತರ ಇದೆಯಲ್ಲ, ಮೇಡಂ?"

ಬಾಗಿಲಿನಿಂದ ಬಂದ ಗಂಡು ದನಿಗೆ ಅವಳ ಕೈಯಲ್ಲಿದ್ದ ಸೀಮೆಸುಣ್ಣ ಪಟಕ್ಕೆಂದು ಮುರಿಯಿತು.

ಬೋರ್ಡಿನ ಮೇಲೆ 'ಸೈನ್ x = 1/2' ಎಂದು ಬರೆದು, ಕೆಳಗೆ ಮೂವತ್ತು ಡಿಗ್ರಿ ಎಂದಷ್ಟೇ ಬರೆದು ನಿಂತಿದ್ದಳು. ಒಂದು ವರ್ಷದಿಂದ ಹಾಗೇ. ಎರಡನೆಯ ಉತ್ತರಕ್ಕೆ ಕೈ ಎತ್ತಿದರೆ ಸಾಕು, ಹಿಂದಿನ ಬೆಂಚಿನಿಂದ ಸತ್ತ ತಮ್ಮನ ನಗು ಕೇಳುತ್ತಿತ್ತು...

'ಒಂದು ಸಿಕ್ತಲ್ಲ ಅಕ್ಕಾ, ಸಾಕು ಬಿಡೇ!'

ತಿರುಗಿದಳು. ಅವನೇ! ಬಂದರಿನಲ್ಲಿ ಸಮುದ್ರದ ಏರಿಳಿತದ ಲೆಕ್ಕ ಹಾಕುವವನು. ಇವತ್ತಿನ ವಿಶೇಷ ಪಾಠಕ್ಕೆ ಪ್ರಿನ್ಸಿಪಾಲರು ಕರೆಸಿದ್ದು ಇವನನ್ನೇ?

'ಮಂಡಿಮಟ್ಟ ನೀರಿದ್ರೆ ದಾಟಬಹುದು ಅಂತ ನನ್ನ ಮಗನಿಗೆ ಹೇಳಿಕೊಟ್ಟವನು ಅವನೇ!' ಎಂದು ಅಮ್ಮ ಶಪಿಸುತ್ತಿದ್ದುದು ಇವನನ್ನೇ. ನೀರಿಳಿದಾಗಷ್ಟೇ ದಾರಿಯಾಗುವ ಮರಳದಿಬ್ಬದ ಮೇಲೆ ನಡೆದು ದ್ವೀಪಕ್ಕೆ ಹೊರಟ ತಮ್ಮ ತಿರುಗಿ ಬರಲಿಲ್ಲ.

ಅವನು ಕುಂಟುತ್ತ ಬಂದು ಬೋರ್ಡಿನ ಮೇಲೆ ವೃತ್ತ ಎಳೆದು, ಕೇಂದ್ರಕ್ಕೂ ಮೇಲ್ತುದಿಗೂ ನಟ್ಟನಡುವೆ ಒಂದು ಅಡ್ಡಗೆರೆ ಹಾಕಿದ.

"ನೀರು ಏರುವಾಗ ಒಮ್ಮೆ ಈ ಮಟ್ಟ ಮುಟ್ಟುತ್ತೆ. ಅದು ಮೂವತ್ತು. ಇಳಿಯುವಾಗ ಮತ್ತೆ ಅದೇ ಮಟ್ಟ. ನೂರೆಂಬತ್ತರಲ್ಲಿ ಮೂವತ್ತು ಕಳೆದ್ರೆ ನೂರೈವತ್ತು. ಅಲ್ಲಿಗೂ ಮುಗೀಲಿಲ್ಲ. ಒಂದು ಸುತ್ತು ಅಂದ್ರೆ ಮುನ್ನೂರ ಅರವತ್ತು. ಎರಡಕ್ಕೂ ಎಷ್ಟು ಸುತ್ತು ಬೇಕಾದ್ರೂ ಸೇರಿಸಿ, ಕಳೀರಿ... ಎಲ್ಲವೂ ಉತ್ತರಾನೇ. ನೀರು ಬರ್ತಾನೇ ಇರುತ್ತೆ."

"ಏರೋ ನೀರು, ಇಳಿಯೋ ನೀರು..." ಅವಳು ಅವನತ್ತ ಒಂದು ಹೆಜ್ಜೆ ಇಟ್ಟಳು. "ನನ್ನ ತಮ್ಮನಿಗೆ ಯಾಕೆ ಹೇಳ್ಲಿಲ್ಲ ಇದನ್ನ?"

ಅವನು ತಲೆ ತಗ್ಗಿಸಿ ಹೊರನಡೆದ.

'ತಪ್ಪು ಮಾಡಿದವನಿಗೆ ಬಾಯಿ ಎಲ್ಲಿಂದ ಬರಬೇಕು?' ಎಂದುಕೊಂಡಳು. ಆದರೂ ಆ ಕಣ್ಣುಗಳು ಅವಳ ಬೆನ್ನು ಬಿಡಲಿಲ್ಲ.

ಸಂಜೆ ಎಂದಿನಂತೆ ಸಮುದ್ರದ ದಡಕ್ಕೆ ಹೋದಳು. ಬಲೆ ಹೊಲಿಯುತ್ತಿದ್ದ ದೋಣಿಯಜ್ಜ ತಲೆ ಎತ್ತಿದ.

"ಅವನ ಮೇಲೆ ಕೂಗಾಡಿದ್ಯಂತೆ? ಯಾರಿಗೂ ಹೇಳಲ್ಲ ಅಂತ ಅವನಿಗೆ ಮಾತು ಕೊಟ್ಟಿದ್ದೆ. ಇವತ್ತು ಮುರೀತೀನಿ. ಅವತ್ತು ನೀರು ಮಂಡಿಮಟ್ಟ ಇತ್ತು. 'ಇದು ಇಳಿಯೋ ನೀರಲ್ಲ, ಏರ್ತಾ ಇದೆ, ಹೋಗ್ಬೇಡ' ಅಂತ ಅವನು ಗಂಟಲು ಹರ್ಕೊಂಡ. ನಿನ್ನ ತಮ್ಮ ನಗ್ತಾ ಕೈ ಬೀಸಿ ಹೋದ. ಆಮೇಲೆ ನೀರಿಗೆ ಹಾರಿದ್ದೂ ಇವನೇ ಮಗಾ... ಬಂಡೆಗೆ ಬಡಿದು ಕಾಲು ಹಾಳಾಯ್ತು. ಹುಡುಗ ಮಾತ್ರ ಕೈಗೆ ಸಿಗ್ಲಿಲ್ಲ."

ಅವಳು ಓಡಿದಳು. ನೀರಿನ ಅಳತೆಗಂಬದ ಬಳಿ ಅವನು ಒಬ್ಬನೇ ನಿಂತಿದ್ದ.

"ಯಾಕೆ ಸುಮ್ನಿದ್ರಿ ಇಷ್ಟು ದಿನ?"

"ನಿಮ್ಮಮ್ಮ ಊಟ ಬಿಟ್ಟು ಮಲಗಿದ್ರು. ನನ್ನನ್ನ ಬಾಯ್ತುಂಬ ಬೈದ ದಿನ ಎದ್ದು ಕೂತು ಎರಡು ತುತ್ತು ತಿಂದ್ರಂತೆ. ಬೈಸ್ಕೊಂಡ್ರೆ ನನ್ನ ಗಂಟೇನು ಹೋಗುತ್ತೆ ಅಂದ್ಕೊಂಡೆ..." ಅವನ ದನಿ ತಗ್ಗಿತು. "ದಿನಾ ನೀವು ದಡದಲ್ಲಿ ನಿಲ್ಲೋದನ್ನ ನೋಡ್ತಿದ್ದೆ. ನೀವು ಮನೆ ಕಡೆ ತಿರುಗೋವರೆಗೂ ನಾನು ಹೋಗ್ತಿರಲಿಲ್ಲ. ನೀವೂ ನನ್ನ ದ್ವೇಷಿಸೋದು ಮಾತ್ರ... ತಡ್ಕೊಳ್ಳೋಕಾಗ್ಲಿಲ್ಲ."

ಅವಳ ಕಣ್ಣು ತುಂಬಿ ಬಂತು.

"ನನಗೆ ಅವನ ನಗು ಕೇಳ್ಸುತ್ತೆ. ಹುಚ್ಚಿ ಅಂದ್ಕೋಬೇಡಿ."

"ನನಗೂ ಕೇಳ್ಸುತ್ತೆ. ನೀರು ಏರುವಾಗೆಲ್ಲ."

"ಭಯ ಆಗಲ್ವಾ?"

"ಒಬ್ಬನೇ ಇದ್ದಾಗ ಆಗುತ್ತೆ."

ಅವಳು ಹತ್ತಿರ ಬಂದು ಅವನ ಕೈ ಹಿಡಿದಳು. ತಣ್ಣಗಿತ್ತು.

"ಈಗ?"

"ಈಗ ಇನ್ನೂ ಜಾಸ್ತಿ... ನಿಮ್ಮಮ್ಮ ಏನಂತಾರೋ ಅಂತ!"

ಅಳುವಿನ ನಡುವೆಯೂ ಅವಳಿಗೆ ನಗು ಬಂತು.

"ಅಮ್ಮನಿಗೆ ನಾನೇ ಹೇಳ್ತೀನಿ... ಎಲ್ಲಾನೂ. ನೀವು ನನ್ನ ಪಕ್ಕ ಕೂತಿರಿ."

"ಕೂತಿರ್ತೀನಿ."