ಎಡಗಡೆ ಮುಂದಿನ ಚಕ್ರ

ಸೋಮವಾರ ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಗ್ಯಾರೇಜ್ ಮಾಲೀಕ ಠಾಣೆಗೆ ಬಂದು, ಕೂರಿ ಎನ್ನುವ ಮೊದಲೇ ಕೂತು, ತನ್ನ ಗಾಡಿ ಕಳುವಾಗಿದೆ ಎಂದ. ಎಂಥ ಗಾಡಿ ಎಂದು ಕೇಳಿದರೆ, ಮೂತಿ ನಜ್ಜುಗುಜ್ಜಾಗಿ, ಮೂರೇ ಚಕ್ರದ ಮೇಲೆ ಏಳು ವರ್ಷದಿಂದ ಅಂಗಳದ ಮೂಲೆಯಲ್ಲಿ ಬಿದ್ದಿದ್ದ ಸರಕು ವ್ಯಾನು.

"ಅಂಥದ್ದನ್ನ ಕದ್ದವನ ಕಷ್ಟ ಎಷ್ಟಿರಬೇಕು ಪಾಪ," ಎಂದಳು ಹೆಡ್ ಕಾನ್ಸ್‌ಟೇಬಲ್. ಠಾಣೆಯಲ್ಲಿ ಎಲ್ಲರಿಗೂ ಅವಳು ಅಕ್ಕ. ಇನ್ಸ್‌ಪೆಕ್ಟರ್ ಕೂಡ ಹಾಗೇ ಕರೆಯುತ್ತಿದ್ದ.

ಇನ್ಸ್‌ಪೆಕ್ಟರ್ ನಗಲಿಲ್ಲ. ವರ್ಗವಾಗಿ ಈ ಠಾಣೆಗೆ ಮರಳಿ ಬಂದು ಒಂದು ತಿಂಗಳಾಗಿತ್ತು. ಹಿಂದೆ ಸಬ್ ಇನ್ಸ್‌ಪೆಕ್ಟರ್ ಆಗಿ ಇಲ್ಲೇ ಮೂರು ವರ್ಷ ಸವೆಸಿದವನು. ಹಳೆಯ ಠಾಣೆಗೆ ಮರಳುವುದೆಂದರೆ ಹಳೆಯ ಅಂಗಿ ತೊಟ್ಟ ಹಾಗೆ. ಎಲ್ಲೋ ಒಂದು ಕಡೆ ಬಿಗಿಯುತ್ತದೆ.

"ಗಾಡಿ ನಿಮ್ಮದಾ?"

"ಈಗ ನಂದೇ ಸಾರ್. ಕಾಗದ ಇದೆ."

ಕಾಗದ ಬೇಕಾದಷ್ಟಿತ್ತು. ಅಪಘಾತವಾದ ವ್ಯಾನನ್ನು ಎಳೆದು ತಂದು ಗ್ಯಾರೇಜಿನಲ್ಲಿ ನಿಲ್ಲಿಸಿದ ಮೇಲೆ ವಾರಸುದಾರ ಇತ್ತ ತಲೆಯೇ ಹಾಕಿರಲಿಲ್ಲ. ಬಾಕಿ ತೀರುವವರೆಗೆ ಗಾಡಿಯನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ಗ್ಯಾರೇಜಿನವರದು. ಮಾಲೀಕ ಕಾನೂನಿನ ಪ್ರಕಾರ ಮೂರು ನೋಟೀಸು ಕಳಿಸಿದ್ದ, ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟಿದ್ದ, ಗಡುವು ಮುಗಿಯುವವರೆಗೆ ಕಾದಿದ್ದ. ಇಪ್ಪತ್ತು ದಿನದ ಹಿಂದೆ ಸಾರಿಗೆ ಕಚೇರಿಯವರು ವ್ಯಾನನ್ನು ಅವನ ಹೆಸರಿಗೆ ವರ್ಗಾಯಿಸಿದ್ದರು. ಎಲ್ಲಕ್ಕೂ ಸಹಿ, ಎಲ್ಲಕ್ಕೂ ಮೊಹರು.

"ಇವತ್ತು ಹನ್ನೊಂದಕ್ಕೆ ಗುಜರಿಯವರು ಬರೋರಿದ್ರು ಸಾರ್. ಅಲ್ಲೇ ಚಪ್ಪಟೆ ಮಾಡಿ ಹೊತ್ಕೊಂಡು ಹೋಗೋದು. ಬೆಳಿಗ್ಗೆ ಬಂದು ನೋಡಿದ್ರೆ ಜಾಗ ಖಾಲಿ."

ಹತ್ತೂ ಕಾಲಿಗೆ ಎಫ್‌ಐಆರ್ ದಾಖಲಾಯಿತು.

ಗ್ಯಾರೇಜಿನ ಗೇಟಿನ ಬೀಗ ಮುರಿದಿರಲಿಲ್ಲ. ಬೀಗದಕೈಯನ್ನು ಆಫೀಸಿನ ಹಿಂದಿನ ಮೊಳೆಗೆ ನೇತುಹಾಕುವುದು ಆ ಬೀದಿಗೆಲ್ಲ ಗೊತ್ತು. ಭಾನುವಾರ ಗ್ಯಾರೇಜಿಗೆ ರಜೆ. ವ್ಯಾನು ನಿಂತಿದ್ದ ಜಾಗದಲ್ಲಿ ಬಿಸಿಲು ಕಾಣದ ಹುಲ್ಲು ಬಿಳಿಚಿಕೊಂಡಿತ್ತು. ಪಕ್ಕದಲ್ಲೇ, ಕೆಟ್ಟ ಗಾಡಿಗಳನ್ನು ಎಳೆದು ತರುವ ಕ್ರೇನ್ ಲಾರಿ. ಅಕ್ಕ ಅದರೊಳಗೆ ಹತ್ತಿ, ಶನಿವಾರ ಸಂಜೆ ಪುಸ್ತಕದಲ್ಲಿ ಬರೆದಿದ್ದ ಕಿಲೋಮೀಟರನ್ನೂ ಈಗಿನ ಮೀಟರನ್ನೂ ತಾಳೆ ನೋಡಿದಳು.

"ಇಪ್ಪತ್ತೆರಡು ಕಿಲೋಮೀಟರ್ ಜಾಸ್ತಿ ಓಡಿದೆ ಸಾರ್. ಕಳ್ಳ ಇಲ್ಲಿಯ ಲಾರೀನೇ ಬಳಸಿ, ತಂದು ನೀಟಾಗಿ ನಿಲ್ಲಿಸಿ ಹೋಗಿದ್ದಾನೆ. ನಮ್ಮ ಮನೆಯವರಿಗೆ ಅವನ ಹತ್ರ ಸ್ವಲ್ಪ ದಿನ ಟ್ರೇನಿಂಗ್ ಕೊಡಿಸಬೇಕು."

ಶೆಡ್ಡಿನೊಳಗೆ ಒಬ್ಬ ಮುದುಕ ಜೀಪಿನ ಚಕ್ರ ಕೂರಿಸುತ್ತಿದ್ದ. ಒಂದೊಂದು ನಟ್ಟು ಬಿಗಿದ ಮೇಲೂ ಸಣ್ಣ ಬ್ರಷ್ ಎತ್ತಿಕೊಂಡು, ನಟ್ಟಿನಿಂದ ರಿಮ್ಮಿಗೆ ಒಂದು ಹಳದಿ ಗೆರೆ ಎಳೆಯುತ್ತಿದ್ದ.

"ಹಳದಿ ಮೇಸ್ತ್ರಿ ಅಂತಾರೆ ಅವನ್ನ," ಎಂದ ಮಾಲೀಕ. "ಗೆರೆ ಎಳೀದೆ ಒಂದು ಗಾಡಿನೂ ಹೊರಗೆ ಬಿಡಲ್ಲ. ಏಳು ವರ್ಷದಿಂದ ಹಿಡಿದಿರೋ ಹುಚ್ಚು. ಆದ್ರೆ ಚಿನ್ನದಂಥ ಮನುಷ್ಯ ಸಾರ್. ಇಪ್ಪತ್ತೆರಡು ವರ್ಷದಲ್ಲಿ ಒಂದು ಸ್ಪ್ಯಾನರ್ ಮನೆಗೆ ಒಯ್ದಿಲ್ಲ."

ಇನ್ಸ್‌ಪೆಕ್ಟರ್ ಮೇಸ್ತ್ರಿಯ ಹತ್ತಿರ ಹೋದ. "ನಿನ್ನೆ ಎಲ್ಲಿದ್ರಿ?"

"ಊರಲ್ಲೇ."

"ವ್ಯಾನು ಯಾರು ಒಯ್ದಿರಬಹುದು?"

ಮೇಸ್ತ್ರಿ ಕೈ ಒರೆಸಿಕೊಂಡ. "ಹುಡುಕಿ ಸಾರ್. ಸಿಕ್ಕಾಗ ಮಾತ್ರ ಸರಿಯಾಗಿ ನೋಡಿ."

ಇದೆಂಥ ಉತ್ತರ ಎಂದು ಇನ್ಸ್‌ಪೆಕ್ಟರ್‌ಗೆ ಅನ್ನಿಸದೆ ಇರಲಿಲ್ಲ. ಆದರೆ ಹಿಡಿಯಲು ಇನ್ನೊಬ್ಬ ಸಿದ್ಧನಾಗಿ ಕಣ್ಣ ಮುಂದಿದ್ದಾಗ ಮುದುಕನ ಮಾತಿಗೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ಆ ಇನ್ನೊಬ್ಬ, ವ್ಯಾನಿನ ಹಳೆಯ ವಾರಸುದಾರ.

"ಅವನ ಗಾಡಿ ಅವನು ಒಯ್ದರೆ ಕಳ್ಳತನ ಹೇಗಾಗುತ್ತೆ ಸಾರ್?" ಜೀಪಿನಲ್ಲಿ ಅಕ್ಕ ಕೇಳಿದಳು.

"ಈಗ ಅವನದಲ್ಲ. ಅವನದೇ ಆಗಿದ್ದಾಗ ಬಾಕಿ ತೀರಿಸದೆ ಎತ್ಕೊಂಡು ಹೋಗಿದ್ರೂ ಕಳ್ಳತನವೇ."

"ಸ್ವಂತ ಗಾಡಿ ಕದ್ದು ಜೈಲಿಗೆ ಹೋಗೋದು ಅಂದ್ರೆ, ಅದಕ್ಕಿಂತ ಗ್ರಹಚಾರ ಬೇಡ."

ಹನ್ನೆರಡೂವರೆಗೆ ಅವರು ಆ ಮನೆ ತಲುಪಿದರು. ಒಂದೇ ಬಾಗಿಲು, ಒಂದೇ ಕಿಟಕಿ, ಮುಂದೆ ಮೂರು ಮೆಟ್ಟಿಲು. ಮೆಟ್ಟಿಲ ಮೇಲೆ ನಲವತ್ತು ದಾಟಿದ ಗಂಡಸೊಬ್ಬ ತಟ್ಟೆ ಇಟ್ಟುಕೊಂಡು ಉಣ್ಣುತ್ತಿದ್ದ. ಮಧ್ಯಾಹ್ನದ ಪಾಳಿಯಲ್ಲಿ ಉಗ್ರಾಣದಲ್ಲಿ ಮೂಟೆ ಹೊರುವ ಕೆಲಸ ಅವನದು. ಒಮ್ಮೆ ಡ್ರೈವರ್ ಆಗಿದ್ದವನು.

"ವ್ಯಾನು ಎಲ್ಲಿ?"

"ಗ್ಯಾರೇಜಲ್ಲಿ."

"ಅಲ್ಲಿಲ್ಲ. ನಿನ್ನೆ ಎಲ್ಲಿದ್ದೆ?"

"ಉಗ್ರಾಣದಲ್ಲಿ. ಹಾಜರಿ ಪುಸ್ತಕ ನೋಡಿ." ಅವನು ತಲೆಯೆತ್ತಿ ಇನ್ಸ್‌ಪೆಕ್ಟರ್‌ನ ಮುಖವನ್ನೇ ನೋಡಿದ. "ಆವತ್ತು ಸೇತುವೆ ಹತ್ರ ಬಂದಿದ್ದು ನೀವೇ ಅಲ್ವಾ ಸಾರ್?"

ಇನ್ಸ್‌ಪೆಕ್ಟರ್‌ಗೆ ನೆನಪಾಯಿತು. ಏಳು ವರ್ಷದ ಹಿಂದೆ, ಇಳಿಜಾರಿನಲ್ಲಿ ಒಂದು ವ್ಯಾನು ಹತೋಟಿ ತಪ್ಪಿ ಕಿರುಸೇತುವೆಯ ಕಟ್ಟೆಗೆ ಗುದ್ದಿತ್ತು. ಎಡಗಡೆ ಸೀಟಿನಲ್ಲಿದ್ದವನು ಸ್ಥಳದಲ್ಲೇ ಸತ್ತಿದ್ದ. ಸತ್ತವನು ಡ್ರೈವರನ ತಮ್ಮ. ಅತಿವೇಗ ಮತ್ತು ಅಜಾಗರೂಕ ಚಾಲನೆ, ಎರಡು ವರ್ಷ ಜೈಲು. ಆ ಅಪಘಾತದ ಪಂಚನಾಮೆ ಬರೆದದ್ದು ಇದೇ ಇನ್ಸ್‌ಪೆಕ್ಟರ್.

"ಸ್ಟೀರಿಂಗ್ ನಡುಗ್ತು, ಆಮೇಲೆ ಎಡಕ್ಕೆ ಎಳೀತು ಅಂತ ಆವತ್ತೇ ಹೇಳಿದ್ದೆ. ಎಲ್ಲ ಡ್ರೈವರೂ ಹಾಗೇ ಹೇಳ್ತಾರೆ ಅಂದ್ರಿ."

"ನೋಟೀಸ್ ಬಂದಾಗ ಗಾಡಿ ಬಿಡಿಸ್ಕೊಳ್ಳೋಕೆ ಯಾಕೆ ಹೋಗಲಿಲ್ಲ?"

"ಆ ಎಡಗಡೆ ಸೀಟು ನೋಡೋಕೆ ನನ್ನ ಕೈಲಾಗಲ್ಲ ಸಾರ್."

ಒಳಗಿನ ಕತ್ತಲಿನಿಂದ ಅವನ ಮುದಿ ತಾಯಿಯ ದನಿ ಬಂತು. "ಆ ಗಾಡಿ ಸುದ್ದಿ ಈ ಮನೇಲಿ ಬೇಡ. ಆರು ತಿಂಗಳ ಹಿಂದೆ ಗ್ಯಾರೇಜಿನ ಮೇಸ್ತ್ರಿ ನೋಟೀಸು ಹಿಡ್ಕೊಂಡು ಬಂದಿದ್ದ, ಅವನಿಗೂ ಇದೇ ಹೇಳಿದೆ. ನನ್ನ ಚಿಕ್ಕ ಮಗನ್ನ ತಿಂದವನು ಅಲ್ಲಿ ಹೊರಗೆ ಕೂತಿದ್ದಾನೆ, ಏನಿದ್ರೂ ಅವನ್ನ ಕೇಳು ಅಂತ."

ಡ್ರೈವರ್ ತಟ್ಟೆ ನೋಡುತ್ತ ಹೇಳಿದ. "ಜೈಲಿಂದ ಬಂದಾಗಿನಿಂದ ಊಟ ಇಲ್ಲೇ ಸಾರ್. ಐದು ವರ್ಷ ಆಯ್ತು. ಹಾಕ್ತಾರೆ, ಮಾತಾಡಲ್ಲ."

ಉಗ್ರಾಣದ ಹಾಜರಿ ಪುಸ್ತಕ ಅವನ ಮಾತನ್ನೇ ಹೇಳಿತು. ಎರಡೂವರೆಗೆ ಇನ್ಸ್‌ಪೆಕ್ಟರ್ ಹಳೆಯ ಕಡತ ತರಿಸಿದ. ಧೂಳು ಕೊಡವಿ ಮೊದಲ ಪುಟ ಓದಿದ. ಅಪಘಾತದ ಸ್ಥಳ, ಪಟ್ಟಣದಿಂದ ಹನ್ನೊಂದು ಕಿಲೋಮೀಟರ್.

"ಹೋಗೋಕೆ ಹನ್ನೊಂದು, ಬರೋಕೆ ಹನ್ನೊಂದು," ಎಂದಳು ಅಕ್ಕ.

ನಾಲ್ಕೂ ಹತ್ತಕ್ಕೆ ವ್ಯಾನು ಸಿಕ್ಕಿತು. ಸೇತುವೆಯ ಆಚೆ, ಮುಚ್ಚಿಹೋದ ಇಟ್ಟಿಗೆ ಭಟ್ಟಿಯ ಶೆಡ್ಡಿನಲ್ಲಿ, ಟಾರ್ಪಾಲಿನ್ ಹೊದಿಸಿ ನಾಲ್ಕೂ ಮೂಲೆ ಕಟ್ಟಿತ್ತು. ಒಂದು ಬೋಲ್ಟನ್ನೂ ಕದ್ದಿರಲಿಲ್ಲ. ಕಳಚಿಹೋಗಿದ್ದ ಎಡಗಡೆ ಮುಂದಿನ ಚಕ್ರವನ್ನು ವ್ಯಾನಿನ ಹಿಂಭಾಗದ ಸರಕಿನ ಡಬ್ಬದಿಂದ ತೆಗೆದು, ತುಕ್ಕು ಉಜ್ಜಿ, ವ್ಯಾನಿಗೆ ಒರಗಿಸಿಟ್ಟಿದ್ದರು. ಅದರ ಐದು ತೂತುಗಳ ಸುತ್ತ ಹೊಸ ಹಳದಿ ಬಣ್ಣದಲ್ಲಿ ಐದು ಸುತ್ತು. ಚಕ್ರ ಕೂರುವ ಜಾಗದ ಐದು ಬೋಲ್ಟುಗಳ ತುದಿಗೂ ಹಳದಿ.

ಇನ್ಸ್‌ಪೆಕ್ಟರ್ ಮೋಟಾರು ವಾಹನ ನಿರೀಕ್ಷಕನನ್ನು ಕರೆಸಿದ. ಹತ್ತಿರದ ಸೈಕಲ್ ಅಂಗಡಿಯವನೂ ಹಾಲಿನವನೂ ಪಂಚರಾಗಿ ಸಾಕ್ಷಿಗೆ ನಿಂತರು. ನಿರೀಕ್ಷಕ ಮೊಣಕಾಲೂರಿ ಕೂತು, ತೂತಿನೊಳಗೆ ಬೆರಳಿಟ್ಟು ನೋಡಿದ.

"ಡಿಕ್ಕಿಗೆ ಚಕ್ರ ಕಿತ್ತಿದ್ರೆ ಬೋಲ್ಟು ಮುರೀಬೇಕು, ತೂತು ದುಂಡಗೇ ಇರಬೇಕು. ಇಲ್ಲಿ ಬೋಲ್ಟು ಐದೂ ಇವೆ. ನಟ್ಟು ಸುತ್ತೋ ಮರೆ ಸವೆದಿದೆ. ತೂತು ನೋಡಿ, ಕೋಳಿಮೊಟ್ಟೆ ಥರ ಆಗಿದೆ. ನಟ್ಟು ಬಿಗಿದೇ ಇಲ್ಲ. ಓಡ್ತಾ ಓಡ್ತಾ ಬಿಚ್ಚಿಕೊಂಡಿದೆ. ಚಕ್ರ ಮೊದಲು ಹೋಗಿದೆ, ಡಿಕ್ಕಿ ಆಮೇಲೆ ಆಗಿದೆ."

"ಆವತ್ತು ನೋಡಿದ್ರೆ ಗೊತ್ತಾಗ್ತಿತ್ತಾ?"

"ಬಗ್ಗಿ ನೋಡಿದ್ರೆ ಯಾರಿಗಾದ್ರೂ ಗೊತ್ತಾಗ್ತಿತ್ತು."

ಇನ್ಸ್‌ಪೆಕ್ಟರ್ ಜೀಪಿಗೆ ಹೋಗಿ ಕಡತ ತೆರೆದ. ಎರಡನೇ ಪುಟದಲ್ಲಿ ತನ್ನದೇ ಅಕ್ಷರ, ಅವಸರದ ಓರೆ ಅಕ್ಷರ: 'ಡಿಕ್ಕಿಯ ರಭಸಕ್ಕೆ ಎಡಗಡೆ ಮುಂದಿನ ಚಕ್ರವು ಕಳಚಿ ಬಿದ್ದಿರುತ್ತದೆ.' ಅಂದು ರಸ್ತೆಯಲ್ಲಿ ಜನ ಗುಂಪುಗೂಡಿದ್ದರು, ವಾಹನಗಳು ಸಾಲುಗಟ್ಟಿದ್ದವು, ಮೇಲಿನವರ ಫೋನು ಬರುತ್ತಿತ್ತು. ಅವನು ಬಗ್ಗಿರಲಿಲ್ಲ. ಆ ಒಂದು ಸಾಲಿಗೆ ಒಬ್ಬ ಎರಡು ವರ್ಷ ಜೈಲಿನಲ್ಲಿ, ಐದು ವರ್ಷ ಮೆಟ್ಟಿಲ ಮೇಲೆ ಕಳೆದಿದ್ದ. ಕೆಳಗೆ ಇಬ್ಬರು ಪಂಚರ ಸಹಿ. ಎರಡನೆಯದನ್ನು ಅವನು ಎರಡು ಸಲ ಓದಿದ. ವ್ಯಾನು ಎಳೆಯಲು ಕ್ರೇನ್ ಲಾರಿ ತಂದಿದ್ದ ಗ್ಯಾರೇಜ್ ಮೇಸ್ತ್ರಿಯ ಸಹಿ.

ಆರೂ ಇಪ್ಪತ್ತಕ್ಕೆ ಅವರು ಗ್ಯಾರೇಜಿಗೆ ಹೋದಾಗ ಮೇಸ್ತ್ರಿ ಕೈಕಾಲು ತೊಳೆದು, ಒಗೆದ ಅಂಗಿ ತೊಟ್ಟು ಬೆಂಚಿನ ಮೇಲೆ ಕಾಯುತ್ತಿದ್ದ. ಇನ್ಸ್‌ಪೆಕ್ಟರ್ ಕೇಳುವ ಮೊದಲು ಅವನೇ ಕೇಳಿದ.

"ತೂತು ಬರೆದ್ರಾ ಸಾರ್? ಐದೂ?"

"ಬರೆದೆ."

ಮುದುಕ ಉಸಿರು ಬಿಟ್ಟ. ಹಗ್ಗ ಬಿಚ್ಚಿದ ಮೂಟೆಯ ಹಾಗೆ ಭುಜ ಇಳಿಯಿತು.

"ನಟ್ಟು ಬಿಗೀಬೇಕಾಗಿದ್ದು ಯಾರು?"

"ನಾನೇ. ಅಪಘಾತದ ಹಿಂದಿನ ಸಂಜೆ ಆ ಚಕ್ರದ ಟೈರ್ ಬದಲಾಯಿಸಿದ್ದೆ. ಕೈಯಲ್ಲೇ ನಟ್ಟು ತಿರುಗಿಸಿ ಸ್ಪ್ಯಾನರ್ ಎತ್ಕೊಳ್ಳೋ ಹೊತ್ತಿಗೆ ಬೇರೆ ಗಾಡಿಗೆ ಕರೆದ್ರು. ವಾಪಸ್ ಬಂದಾಗ ಬಿಗಿದಾಯ್ತು ಅಂದ್ಕೊಂಡೆ."

"ಏಳು ವರ್ಷ ಯಾಕೆ ಬಾಯಿ ಬಿಡಲಿಲ್ಲ?"

"ಆವತ್ತೇ ಹೇಳೋಕೆ ಬಂದೆ ಸಾರ್. ನೀವು ಬರೀತಾ ಇದ್ರಿ. 'ನಿಂತ್ಕೊ' ಅಂದ್ರಿ, ನಿಂತೆ. ಬರೆದಿದ್ದನ್ನ ಓದಿ ಹೇಳಿ, 'ಸಹಿ ಹಾಕು' ಅಂದ್ರಿ, ಹಾಕಿದೆ. ಹಾಕಿದ ಮೇಲೆ ಹೇಗೆ ಹೇಳೋದು? ನನಗೂ ಆವತ್ತು ಅದೇ ಬೇಕಾಗಿತ್ತು, ಸುಳ್ಳು ಯಾಕೆ ಹೇಳಲಿ. ನನ್ನಿಂದ ಆಗಿದ್ದಲ್ಲ ಅಂತ ನೀವೇ ಬರೆದುಕೊಟ್ಟ ಹಾಗಿತ್ತು."

"ಈಗೇಕೆ?"

"ಮೂರನೇ ನೋಟೀಸು ಕೈಯಾರೆ ಕೊಟ್ಟು ಬಾ ಅಂತ ನಮ್ಮ ಯಜಮಾನ್ರು ಕಳಿಸಿದ್ರು. ಮೆಟ್ಟಿಲ ಮೇಲಿನ ಆ ತಟ್ಟೆ ನೋಡಿದೆ. ಆಮೇಲೆ ನನಗೆ ಅನ್ನ ಇಳೀಲಿಲ್ಲ. ಗಾಡಿ ಇರೋವರೆಗೂ ಎಂದಾದ್ರೂ ಹೇಳ್ತೀನಿ ಅಂತ ನನ್ನನ್ನೇ ನಂಬಿಸ್ಕೊಂಡಿದ್ದೆ. ಸೋಮವಾರ ಅದೂ ಚಪ್ಪಟೆ ಆಗುತ್ತೆ ಅಂದ್ರು. ಬರೀ ಬಾಯಲ್ಲಿ ಹೇಳಿದ್ರೆ ಮುದುಕನಿಗೆ ಅರಳುಮರಳು ಅಂತೀರಿ. ಕಳುವಾದ ಗಾಡಿ ಆದ್ರೆ ಪೊಲೀಸರು ಮೂಲೆ ಮೂಲೆ ಬರೀಲೇಬೇಕಲ್ಲ."

ಅಕ್ಕ ಕೋಳ ತೆಗೆದಳು, ಇನ್ಸ್‌ಪೆಕ್ಟರ್ ಬೇಡ ಎಂದು ತಲೆಯಾಡಿಸಿದ. ಆರೂ ನಲವತ್ತಕ್ಕೆ ದಸ್ತಗಿರಿಯಾಯಿತು. ಚಕ್ರ ಅರೆಬಿಗಿದ ಜೀಪು ಇನ್ನೂ ಜಾಕಿನ ಮೇಲಿತ್ತು. ಮೇಸ್ತ್ರಿ ಅನುಮತಿ ಕೇಳಿ, ಉಳಿದ ಎರಡು ನಟ್ಟು ಬಿಗಿದು, ಗೆರೆ ಎಳೆದು ಬಂದ.

ಆ ಸಂಜೆ ಇನ್ಸ್‌ಪೆಕ್ಟರ್ ಮೇಲಧಿಕಾರಿಗೆ ವರದಿ ಬರೆದ. ಹಳೆಯ ಪ್ರಕರಣವನ್ನು ಮತ್ತೆ ತೆರೆಯಬೇಕು, ಮೊದಲ ಪಂಚನಾಮೆಯಲ್ಲಿನ ತಪ್ಪು ಅದನ್ನು ಬರೆದ ತನ್ನದೇ ಎಂದು. ಇದರಿಂದ ತನಗೇನು ಕಾದಿದೆ ಎಂಬುದು ಅವನಿಗೆ ಗೊತ್ತಿತ್ತು. ಸಹಿ ಹಾಕಿದ.

ಮರುದಿನ ಹನ್ನೆರಡಕ್ಕೆ ಅವನು ಆ ಮನೆಯ ಬಾಗಿಲಲ್ಲಿ ನಿಂತು, ತಾಯಿಗೆ ಕೇಳುವ ಹಾಗೆ ಹೊಸ ಪಂಚನಾಮೆ ಓದಿದ. ಡ್ರೈವರ್ ಮೆಟ್ಟಿಲ ಮೇಲೆ ಕೂತು ಕೇಳಿದ. ಓದು ಮುಗಿದ ಮೇಲೆ ಆಕೆ ಗೋಡೆ ಹಿಡಿದುಕೊಂಡು ಬೆಳಕಿಗೆ ಬಂದಳು.

"ಮೊದಲು ತಪ್ಪು ಬರೆದವರು ಯಾರು?"

"ನಾನೇ ಅಮ್ಮ."

"ನೀವು ಒಂದು ಸಲ ಬರೆದ್ರಿ. ನಾನು ಐದು ವರ್ಷ, ದಿನಕ್ಕೆ ಎರಡು ಹೊತ್ತು ಇವನಿಗೆ ಹೊರಗೆ ಬಡಿಸಿದೆ. ಅದನ್ನ ಯಾವ ಕಾಗದದಲ್ಲಿ ತಿದ್ದುತ್ತೀರಿ?"

ಇನ್ಸ್‌ಪೆಕ್ಟರ್ ಪಂಚನಾಮೆ ಮಡಚಿದ. ಅಕ್ಕ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು. ತಾಯಿ ಮಗನ ಕಡೆ ನೋಡಿದಳು. "ಒಳಗೆ ಬಾರೋ."

ಅವನು ಎದ್ದ. ಹೊಸ್ತಿಲವರೆಗೆ ಹೋದ. ಅಲ್ಲಿಂದ ಮುಂದೆ ಕಾಲು ಏಳಲಿಲ್ಲ.

"ಇರಲಿ ಬಿಡಮ್ಮ. ಇಲ್ಲೇ ಅಭ್ಯಾಸ ಆಗಿದೆ," ಎಂದು ಮತ್ತೆ ಮೆಟ್ಟಿಲ ಮೇಲೆ ಕೂತ.

ಆಕೆ ಒಳಗೆ ಹೋದಳು. ಅವನ ತಟ್ಟೆ ತಂದಳು, ಮತ್ತೆ ಹೋಗಿ ತನ್ನದನ್ನೂ ತಂದಳು, ಅವನ ಎಡಗಡೆಗೆ ಕೂತಳು.