ಲಾಳಿ ಓಡಾಕ ಹತ್ತೈತಿ

ಕತ್ತರಿಯ ತುದಿ ನನ್ನ ಗಂಟಲಿಗೆ ತಾಗಿತ್ತು!

"ಅಯ್ಯೂಬ, ಬಂದ ದಾರಿ ಹಿಡಿದು ಹೋಗಲೇ!"

ಹಲ್ಲು ಕಡಿದವನು ಜಾಹೀದ. ಬೆಟಗೇರಿಯ ನೇಕಾರ ಬುಡ್ಡೇಸಾಬರ ಮಗ. ಮಗ್ಗ ಬಿಟ್ಟು ಕಂಪ್ಯೂಟರ್ ಹಿಡಿದವನು. ಹೆಗಲಲ್ಲಿ ಬ್ಯಾಗು... ಮುಂಡರಗಿ ಬಸ್ಸಿಗೆ ಹೊರಟಿದ್ದ. ಮಗ್ಗದ ಕೋಣೆಯ ಬಾಗಿಲಲ್ಲೇ ತಡೆದಿದ್ದೆ.

ನನ್ನದು ಮೊಬೈಲ್ ರಿಪೇರಿ ಅಂಗಡಿ. ಪೊಲೀಸರಿಗೆ ಹೇಳಲಾಗದ್ದನ್ನು ಜನ ನನಗೆ ಹೇಳುತ್ತಾರೆ.

ಅವತ್ತು ಬೆಳಿಗ್ಗೆ ಬಂದವಳು ನಜಮಾ. ಒಂದು ಕಾಲಕ್ಕೆ ನಾನು ಕೇಳಿದ್ದ ಹೆಣ್ಣು... ಅವರಪ್ಪ ಕೊಟ್ಟದ್ದು ನನ್ನ ಗೆಳೆಯ ಮೊಹಸಿನನಿಗೆ.

"ಅಯ್ಯೂಬಭಾಯಿ, ನಿಕಾಹದಾಗ ನನಗ ಕೊಟ್ಟ ಮೆಹರಿನ ಬಂಗಾರ ಮಾರಿ ಇವರು ಕ್ರಿಪ್ಟೊ ತಗೊಂಡಿದ್ರು. ವ್ಯಾಲೆಟ್ ಖಾಲಿ ಆಗೇತ್ರಿ!"

ಹಿಂದೆ ನಿಂತಿದ್ದ ಮೊಹಸಿನ ಫೋನ್ ಕೊಟ್ಟ. ವ್ಯಾಲೆಟ್ಟಿಗೆ ಒಂದು ಆಡ್-ಆನ್ ಹಾಕಿಕೊಂಡಿದ್ದ. ವ್ಯಾಲೆಟ್ ಕಂಪನಿಯದಲ್ಲ, ಯಾರೋ ಹೊರಗಿನವರು ಮಾಡಿದ್ದು. ಇಂಗ್ಲಿಷನ್ನೆಲ್ಲ ಕನ್ನಡ ಮಾಡುತ್ತದಂತೆ! ಅದು ಒಪ್ಪಿಗೆ ಕೇಳಿದಾಗೆಲ್ಲ ಈ ಮಹಾಶಯ ಒತ್ತಿದ್ದ.

"ಕದ್ದವ್ರು ರಷ್ಯಾದವ್ರು ಇರಬೇಕಲೇ," ಅಂದ.

ಆಡ್-ಆನ್ ತೆರೆದೆ. 'ಲೋಡಿಂಗ್' ಇರಬೇಕಾದಲ್ಲಿ ಬರೆದಿತ್ತು: 'ಲಾಳಿ ಓಡಾಕ ಹತ್ತೈತಿ, ತಡೀರಿ.'

ರಷ್ಯಾದಲ್ಲಿ ಮಗ್ಗದ ಲಾಳಿ?!

ಬೆಟಗೇರಿಯಲ್ಲಿ ಮಗ್ಗದ ಮನೆಗಳು ಬೇಕಾದಷ್ಟಿವೆ. ಕೋಡ್ ಬರೆಯುವವನು ನನಗೆ ಗೊತ್ತಿದ್ದಂತೆ ಒಬ್ಬನೇ.

ಅವನದೇ ಕತ್ತರಿ ಈಗ ನನ್ನ ಗಂಟಲ ಮೇಲೆ.

"ಕುತ್ತಿಗಿಗೆ ಕತ್ತರಿ ಹಿಡೀತಿಯೇನಲೇ? ಯಾಕ್ ಮಾಡಿದಿ ಜಾಹೀದ?"

"ಸಾಲ್ಯಾಗ ನನ್ನ ಪೇಪರ್ ನೋಡಿ ಪಾಸಾದಾವ ಆ ಮೊಹಸಿನ! ಈಗ ಕಾರಿನಾಗ ಅಡ್ಡಾಡತಾನ! ಎಲ್ಲಾ ಅವಗ ಯಾಕ ಸಿಗಬೇಕು?"

ಅದೇ ಪ್ರಶ್ನೆ ನಜಮಾಳ ನಿಕಾಹ ಆದಾಗಿನಿಂದ, ಎಂಟು ವರ್ಷದಿಂದ ನನ್ನ ಎದೆಯಲ್ಲೂ ಇತ್ತು.

"ನನಗೂ ಹೊಟ್ಟಿ ಉರಿತೈತಿ," ಅಂದೆ. "ಆದ್ರ ಬಂಗಾರ ಅವಂದಲ್ಲಲೇ, ನಜಮಾಂದು."

ಮೆಲ್ಲಗೆ ಜೇಬಿನಿಂದ ಫೋನ್ ತೆಗೆದೆ. ಬಾಗಿಲಿಗೆ ಬರುವ ಮೊದಲೇ ಹಚ್ಚಿದ್ದ ಕಾಲ್ ಚಾಲೂ ಇತ್ತು. ಸ್ಪೀಕರ್ ಒತ್ತಿದೆ.

"ಜಾಹೀದ!" ಬುಡ್ಡೇಸಾಬರ ಗುಡುಗು. "ನೂಲು ಕತ್ತರ್ಸೋ ಕತ್ತರಿ ಅದು, ಕುತ್ತಿಗಿ ಅಲ್ಲ! ಇಡಲೇ ಕೆಳಗ! ಹೆಣ್ಮಗಳ ಮೆಹರು ಹೊಳ್ಳಿ ಕೊಟ್ಟ ಮ್ಯಾಲ ಮನಿಗೆ ಬಾ!"

ಕತ್ತರಿ ಬಿತ್ತು.

ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದು ಕೂತ... ಕಾಯಿನ್ ಒಂದೂ ಬಿಡದೆ ತಿರುಗಿ ಬಂದವು.

ಸಂಜೆ ಮೊಹಸಿನನ ಮನೆಯಲ್ಲಿ ಚಹಾ. ನಜಮಾ ಅಳುತ್ತ ನಕ್ಕಳು. ಯಾರ ಹೆಗಲಿಗೆ ಒರಗಿ? ಎಲ್ಲ ಕಳೆದಿದ್ದ ಆ ದಡ್ಡನ ಹೆಗಲಿಗೆ!

"ಇನ್ ಮ್ಯಾಲ ಹೆಂಗ ಹುಷಾರಿರೋದಲೇ?" ಮೊಹಸಿನ ಕೇಳಿದ.

"ಹೊರಗಿನವ್ರನ್ನ ಒಳಗ ಬಿಟ್ಕೋಬ್ಯಾಡ," ಅಂದೆ.

ಅಷ್ಟು ಹೇಳಿ ಎದ್ದು, ನನ್ನ ಚಪ್ಪಲಿ ಹುಡುಕಿಕೊಂಡೆ.